ಕೊಪ್ಪರಿಗೆ ಮಾವನ ಇಬ್ಬರ ಅಡುಗೆ

ಉಣ್ಣಿಸುವವನು ಮೇಲಿದ್ದಾನೆ, ಕೆಳಗಿರುವವರ ಕೈಗೆ ಅವನು ಕೊಟ್ಟಿರುವುದು ಸೌಟು ಮಾತ್ರ. ಕೊಪ್ಪರಿಗೆ ಮಾವನಿಗೆ ಈ ಸತ್ಯ ತಿಳಿಯದ್ದೇನಲ್ಲ. ದಿನವೂ ಒಲೆ ಹೊತ್ತಿಸುವ ಮುನ್ನ ಕಣ್ಣು ಮುಚ್ಚಿ ಕೈಮುಗಿಯುತ್ತಿದ್ದ. ಆದರೆ ವರ್ಷಗಟ್ಟಲೆ ಸೌಟು ಹಿಡಿದ ಮೇಲೆ, ಕೊಡುವವನ ಕೈ ಯಾವುದು, ತನ್ನ ಕೈ ಯಾವುದು ಎಂಬ ಗೆರೆ ಅವನಿಗೆ ಕೊಂಚ ಅಳಿಸಿಹೋಗಿತ್ತು.

ಅವನು ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಮುಖ್ಯ ಅಡುಗೆಯವನು. ಒಳಗೆ ಮನುಷ್ಯ ಕೂತರೆ ತಲೆ ಕಾಣದಷ್ಟು ಆಳದ ಕೊಪ್ಪರಿಗೆಗಳು, ದೋಣಿಯ ಹುಟ್ಟಿನಂಥ ಸಟ್ಟುಗ, ಉಪ್ಪಿಗೆ ಅವನದೇ ಬೊಗಸೆಯ ಅಳತೆ. ರುಚಿ ನೋಡುವ ಅಭ್ಯಾಸ ಅವನಿಗಿರಲಿಲ್ಲ. ಕುದಿಯ ಸದ್ದು ಕೇಳಿಯೇ ಬೇಳೆ ಬೆಂದಿತೋ ಇಲ್ಲವೋ ಹೇಳಿಬಿಡುತ್ತಿದ್ದ. ಕೆಲಸಗಾರರು ಪ್ರೀತಿಯಿಂದ ಇಟ್ಟ ಹೆಸರು ಅವನ ಬೆನ್ನು ಹತ್ತಿ ಬೀದಿಗೂ ಬಂದು ನೆಲೆಸಿತ್ತು.

ಮನೆಯಲ್ಲಿ ಮಾತ್ರ ಅವನು ಒಲೆಯ ಹತ್ತಿರ ಸುಳಿದವನಲ್ಲ. ಹೆಂಡತಿಯ ಪಾತ್ರೆಗಳನ್ನು ಕಂಡರೆ ಅವನಿಗೆ ನಗು ಬರುತ್ತಿತ್ತು. "ಇವೆಲ್ಲ ಗೊಂಬೆ ಆಟದ ಸಾಮಾನು ಕಣೇ. ಇಬ್ಬರ ಅಡುಗೇನೂ ಒಂದು ಅಡುಗೇನಾ?" ಎನ್ನುವನು. ಅವಳು ಬಡಿಸಿದ್ದನ್ನು ಉಂಡು, ಹೇಗಿದೆ ಎಂದು ಕೇಳಿದರೆ "ಪರವಾಗಿಲ್ಲ" ಎಂಬ ಒಂದು ಮಾತನ್ನು ದಾನ ಮಾಡಿ ಕೈತೊಳೆಯಲು ಏಳುವನು.

ಕ್ಯಾಂಟೀನಿನೊಳಗೆ ಮನೆಯವರಿಗೆ ಪ್ರವೇಶವಿಲ್ಲ. ಅಲ್ಲಿಂದ ಒಂದು ಅಗುಳನ್ನೂ ಹೊರಗೆ ತರಬಾರದೆಂಬುದು ಅವನ ವ್ರತ. ಅದನ್ನು ಅವನು ದೇವರೆದುರು ನಿಂತವನಂತೆ ಪಾಲಿಸಿದ್ದ. ಹೀಗಾಗಿ ಸಾವಿರ ಜನ ಉಂಡು ಹೊಗಳಿದ ಕೈಯಡುಗೆಯನ್ನು, ಕಟ್ಟಿಕೊಂಡ ಹೆಂಡತಿ ಅರಿತದ್ದು ಒಗೆಯಲು ಬೀಳುತ್ತಿದ್ದ ಅಂಗಿಯ ವಾಸನೆಯಿಂದ ಮಾತ್ರ. ದೀಪದ ಬುಡದಲ್ಲಿ ಕತ್ತಲೆ ಎಂಬುದನ್ನು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ಹೀಗಿರುವಾಗ ಅವರ ಬಾಡಿಗೆ ಮನೆಗಳ ಸಾಲನ್ನೇ ಕೆಡವಿ ಹೊಸದಾಗಿ ಕಟ್ಟುವುದೆಂದು ಮಾಲೀಕ ನಿಶ್ಚಯಿಸಿದ. ಸಾಲಿನವರೆಲ್ಲ ಒಟ್ಟಿಗೆ ಮನೆ ಖಾಲಿ ಮಾಡಬೇಕಾಯಿತು; ಎಲ್ಲರಿಗೂ ಸೇರಿ ಒಂದೇ ಲಾರಿ ಗೊತ್ತಾಯಿತು. ಹೆಂಡತಿಯ ತಮ್ಮ ಬಡಗಿ. ಅವನು ಬಂದು ಹಲಗೆ ಪೆಟ್ಟಿಗೆಗಳನ್ನು ಮಾಡಿ, ಅಕ್ಕನ ಅಡುಗೆಮನೆಯನ್ನು ಅವುಗಳೊಳಗಿಟ್ಟು, ಭೂಕಂಪಕ್ಕೂ ಜಗ್ಗದಂತೆ ಮೊಳೆ ಹೊಡೆದ. ಅನಿಲದ ಸಿಲಿಂಡರನ್ನೂ ಹಿಂದಿರುಗಿಸಲಾಯಿತು. ದಿನಸಿಯ ಚೀಲ ಬಿಟ್ಟರೆ ಹೊರಗೆ ಉಳಿದದ್ದು ಹಿಡಿ ಅಲ್ಲಾಡುವ ಒಂದು ಚಿಕ್ಕ ಪಾತ್ರೆ, ಒಂದು ಚಾಕು, ಒಂದು ಚಮಚ, ಎರಡು ತಟ್ಟೆ, ಅಂಗೈಯಗಲದ ಒಂದು ಕರೆಂಟ್ ಒಲೆ. ಅಷ್ಟರಲ್ಲಿ ದಾರಿಯಲ್ಲಿ ಲಾರಿ ಕೆಟ್ಟು ನಿಂತಿದೆಯೆಂದೂ, ಬರುವುದು ನಾಳೆಯೋ ನಾಡಿದ್ದೋ ತಿಳಿಯದೆಂದೂ ಸುದ್ದಿ ಬಂತು. ಅದೇ ಹೊತ್ತಿಗೆ ಪೆಟ್ಟಿಗೆ ಸರಿಸಲು ಹೋದ ಹೆಂಡತಿಯ ಬಲಗೈ ಮಣಿಕಟ್ಟು ಉಳುಕಿತು.

"ಅಕ್ಕಾ, ಹೋಟ್ಲಿಂದ ಏನಾದ್ರೂ ತರ್ಲಾ?" ಎಂದ ಬಡಗಿ.

"ಬೇಡಪ್ಪಾ. ಮನೇಲೇ ಅಷ್ಟು ದೊಡ್ಡ ಅಡುಗೆಯವರಿದಾರೆ." ಅವಳು ಸುತ್ತಿಟ್ಟ ಹಾಸಿಗೆಯ ಮೇಲೆ ಕೂತು ಗಂಡನ ಕಡೆ ನೋಡಿದಳು. "ಈ ಮನೆ ಬಿಡೋ ಮುಂಚೆ ನಿಮ್ಮ ಕೈಯೂಟ ನಾನೂ ಒಂದ್ಸಲ ಉಣ್ಬೇಕು ಕಣ್ರೀ. ಬೇರೆ ಏನೂ ಕೇಳಿಲ್ಲ ನಾನು."

"ಅದಕ್ಕೇನಂತೆ. ಎಡಗೈಲಿ ಮಾಡಿ ಬಿಸಾಕ್ತೀನಿ."

"ಬಲಗೈಲೇ ಮಾಡಿ. ಎಡಗೈ ಉಳಿದಿರೋದು ನನಗೆ."

ಅಹಂಕಾರಿಯನ್ನು ಬಗ್ಗಿಸಲು ಭಗವಂತ ಪ್ರತಿ ಸಲವೂ ಸಿಡಿಲನ್ನೇ ಕಳುಹಿಸಬೇಕಾಗಿಲ್ಲ. ಒಮ್ಮೊಮ್ಮೆ ಹಿಡಿ ಅಲ್ಲಾಡುವ ಪಾತ್ರೆಯೇ ಸಾಕಾಗುತ್ತದೆ. ಕೊಪ್ಪರಿಗೆ ಮಾವ ಅಕ್ಕಿಚೀಲಕ್ಕೆ ಕೈಹಾಕಿ ಒಂದು ಬೊಗಸೆ ಎತ್ತಿದ. ಪಾತ್ರೆ ಮುಕ್ಕಾಲು ತುಂಬಿತು. ಬೇಳೆ ಸುರಿದಾಗ ನೀರಿಗೆ ಜಾಗವೇ ಉಳಿಯಲಿಲ್ಲ. ತನ್ನನ್ನು ತಾನು ಬಹಳ ಬಿಗಿಹಿಡಿದು, ಸಣ್ಣದೊಂದು ಮುಷ್ಟಿ ಉಪ್ಪು ಮಾತ್ರ ಹಾಕಿದ. ಬಳಿಕ ಕಿವಿಗೊಟ್ಟು ನಿಂತ. ಕೊಪ್ಪರಿಗೆ ಗುಡುಗುವಂತೆ ಈ ಪಾತ್ರೆ ಗುಡುಗಲಿಲ್ಲ. ಅದು ಎರಡು ಬಾರಿ ಸೀನಿತು, ಉಕ್ಕಿತು, ಒಲೆಯನ್ನು ಆರಿಸಿತು.

ಬಡಗಿ ಬಗ್ಗಿ ನೋಡಿ, ಚಮಚದಿಂದ ಕೆದಕಿ, ನಿಧಾನವಾಗಿ ಹೇಳಿದ: "ಒಂದೇ ಪಾತ್ರೇಲಿ ಮೂರು ಬಗೆ ಮಾಡಿದೀರಿ ಭಾವ. ಕೆಳಗೆ ಇದ್ದಿಲು, ಮಧ್ಯ ಗೋಂದು, ಮೇಲೆ ಜಲ್ಲಿ. ಮಾಲೀಕರಿಗೆ ಕೊಟ್ರೆ ಹೊಸ ಕಟ್ಟಡಕ್ಕೆ ಬುನಾದಿ ಹಾಕ್ಕೋತಾರೆ."

"ಪಾತ್ರೆ ಸರಿಯಿಲ್ಲ. ಸದ್ದೇ ಮಾಡಲ್ಲ ಇದು."

"ಉಪ್ಪು ಎಷ್ಟು ಅಂತ ಅಕ್ಕನ್ನ ಕೇಳಬಾರ್ದಾ?"

"ಅವಳನ್ನಾ?" ಎಂದ ಕೊಪ್ಪರಿಗೆ ಮಾವ. ಆ ಒಂದು ಪದದಲ್ಲಿ ಅವನ ಇಡೀ ಸಂಸಾರದ ಚರಿತ್ರೆಯಿತ್ತು.

ಹೆಂಡತಿ ಊಟಕ್ಕೆ ಕರೆಸಿಕೊಂಡ ನೆಂಟರಂತೆ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದಳು. ಎರಡನೆಯ ಸಲದ ಅಡುಗೆಯನ್ನು ಬೀದಿಯ ನಾಯಿ ಮೂಸಿ, ಮರ್ಯಾದೆಗಾಗಿ ಸ್ವಲ್ಪ ಹೊತ್ತು ನಿಂತು, ಹೊರಟುಹೋಯಿತು. ಅಂದು ಮೂವರೂ ಬ್ರೆಡ್ಡು ತಿಂದರು.

ಮರುದಿನ ಬೆಳಿಗ್ಗೆ ಕೊಪ್ಪರಿಗೆ ಮಾವ ಕಾಣೆಯಾಗಿದ್ದ. ಬಿಸಿಲೇರುವ ಹೊತ್ತಿಗೆ ತಳ್ಳುಗಾಡಿಯೊಂದು ಅಂಗಳಕ್ಕೆ ಬಂತು. ಅದರ ಮೇಲೆ, ಮ್ಯಾನೇಜರರ ಅಪ್ಪಣೆ ಪಡೆದು ತಂದ ಕ್ಯಾಂಟೀನಿನ ಕೊಪ್ಪರಿಗೆ, ಸೌಟು; ಒಳಗೆ ಅಂಗಡಿಯಲ್ಲಿ ಸ್ವಂತ ದುಡ್ಡಿಗೆ ಕೊಂಡ ಅಕ್ಕಿ, ಬೇಳೆ, ಆಲೂಗಡ್ಡೆ.

"ಇರೋದ್ರಲ್ಲೇ ಚಿಕ್ಕದು" ಎಂದ ಅವನು, ಲೋಕಕ್ಕೆ ಬಹುದೊಡ್ಡ ರಿಯಾಯಿತಿ ಕೊಟ್ಟವನಂತೆ.

ಕಲ್ಲುಗಳನ್ನು ಜೋಡಿಸಿ ಒಲೆ ಹೂಡಿದ. ಆದರೆ ಸೌದೆ? ಅಂಗಳದಲ್ಲೆಲ್ಲ ಹುಡುಕಿ, ಕೊನೆಗೆ ಬಡಗಿಯ ಪೆಟ್ಟಿಗೆಗಳಲ್ಲೊಂದರ ಬಳಿ ನಿಂತ. ಒಣ ಹಲಗೆ, ಒಳ್ಳೆಯ ಮರ. ಬಡಗಿ ಅಯ್ಯೋ ಅನ್ನುವಷ್ಟರಲ್ಲಿ ಮುಚ್ಚಳ ಕಿತ್ತು ಬಂದಿತ್ತು. ಒಳಗಿಂದ ಕುಕ್ಕರು, ಬಾಣಲೆ, ಮುಚ್ಚಳವಿದ್ದ ಹದವಾದ ಪಾತ್ರೆಗಳು, ಅಳತೆಯ ಲೋಟ ಒಂದೊಂದಾಗಿ ಹೊರಬಂದವು. ಇಬ್ಬರಿಗೆ ಅಡುಗೆ ಮಾಡಲು ಮನುಷ್ಯನಿಗೆ ಏನೇನು ಬೇಕೋ ಅದೆಲ್ಲವನ್ನೂ ಅವನು ತನ್ನ ಕೈಯಿಂದಲೇ ಎತ್ತಿ, ಜೋಪಾನವಾಗಿ ಗೋಡೆಯ ಬದಿಗಿಟ್ಟು, ಪೆಟ್ಟಿಗೆಯನ್ನು ಒಡೆದು ಉರಿಗೆ ಹಾಕಿದ. ಅವು ಅವನ ಕಣ್ಣಿಗೆ ಪಾತ್ರೆಗಳಾಗಿ ಕಾಣಲೇ ಇಲ್ಲ.

"ಅಕ್ಕಾ, ನೋಡ್ತಾ ಇದೀಯಾ?" ಎಂದ ಬಡಗಿ, ಧ್ವನಿ ತಗ್ಗಿಸಿ.

"ಮದುವೆಯಾದಾಗ್ಲಿಂದ ನೋಡ್ತಾ ಇದೀನಿ" ಎಂದಳು ಅವಳು.

ಆದರೆ ಮುಂದಿನದನ್ನು ಮುಚ್ಚಿಟ್ಟರೆ ಪಾಪ ಬಂದೀತು. ಕೊಪ್ಪರಿಗೆ ಗುಡುಗತೊಡಗಿದ ಕೂಡಲೇ ಆ ಮನುಷ್ಯ ಬೇರೆಯೇ ಆದ. ಬೊಗಸೆಯಳತೆಯ ಉಪ್ಪು ಹದವಾಗಿ ಬಿತ್ತು. ಅಕ್ಕಿ, ಬೇಳೆ, ಆಲೂಗಡ್ಡೆ ಮೂರೂ ಅವನ ಮಾತು ಕೇಳಿದವು. ಪರಿಮಳ ಸಾಲಿನ ಮನೆಗಳನ್ನೆಲ್ಲ ಹೊಕ್ಕಿತು. ಎಲ್ಲರ ಅಡುಗೆಮನೆಯೂ ಪೆಟ್ಟಿಗೆ ಸೇರಿತ್ತು. ಎಲ್ಲರೂ ಬ್ರೆಡ್ಡಿನ ಮೇಲೆ ದಿನ ದೂಡುತ್ತಿದ್ದರು. ಒಬ್ಬೊಬ್ಬರಾಗಿ ತಟ್ಟೆ, ಮಗ್ಗು, ಕೊನೆಗೆ ಹೂಕುಂಡದ ಕೆಳಗಿನ ಬಸಿಯನ್ನೂ ತೊಳೆದು ಹಿಡಿದು ಬಂದರು. ಕೆಟ್ಟು ನಿಂತಿದ್ದ ಲಾರಿಯವರೂ ಅಷ್ಟರಲ್ಲಿ ಅದನ್ನು ಸರಿಮಾಡಿಸಿಕೊಂಡು ಬಂದು, ಸರದಿಯಲ್ಲಿ ನಿಂತರು. ಹಸಿದವರನ್ನು ಉಣ್ಣಿಸಲು ದೇವರು ಒಬ್ಬ ಮೂಢನ ಹಟವನ್ನೂ ಬಳಸಿಕೊಳ್ಳುತ್ತಾನೆ; ಅವನ ಮನೆಯಲ್ಲಿ ಯಾವ ಸಾಮಾನೂ ವ್ಯರ್ಥವಲ್ಲ.

ಕೊಪ್ಪರಿಗೆ ಮಾವ ಬಗ್ಗಿ ಬಡಿಸುತ್ತಿದ್ದ. ಕ್ಯಾಂಟೀನಿನಲ್ಲಿ ಅವನು ಮುಖ ನೋಡುವವನಲ್ಲ, ತಟ್ಟೆ ನೋಡುವವನು. ತಟ್ಟೆ ಬಂತು, ಸೌಟು ಬಿತ್ತು, "ಮುಂದೆ" ಎಂದ. ತಟ್ಟೆ ಬಂತು, ಸೌಟು ಬಿತ್ತು, "ಮುಂದೆ". ಬಳೆಯಿದ್ದ ಎಡಗೈಯೊಂದು ಹಿಡಿದ ತಟ್ಟೆ ಬಂತು. ಸೌಟು ಬಿತ್ತು. "ಮುಂದೆ" ಎಂದ.

ಆ ತಟ್ಟೆ ಒಂದು ಕ್ಷಣ ಕದಲಲಿಲ್ಲ. ಆಮೇಲೆ ಮುಂದೆ ಹೋಯಿತು.

ಕೊಪ್ಪರಿಗೆ ಬರಿದಾದ ಮೇಲೆ ಅವನು ತಲೆಯೆತ್ತಿ ಹೆಂಡತಿಯನ್ನು ಹುಡುಕಿದ. ಅವಳು ಹಾಸಿಗೆಯ ಸುರುಳಿಯ ಮೇಲೆ ಕೂತಿದ್ದಳು. ಎದುರಿಗೆ ಒಂದು ಅಗುಳೂ ಉಳಿಯದ ತಟ್ಟೆ.

"ಅಯ್ಯೋ, ನೀನು... ಉಂಡ್ಯಾ?"

"ಉಂಡೆ."

ಇಷ್ಟು ವರ್ಷ ಅವಳು ಕೇಳುತ್ತಿದ್ದ ಪ್ರಶ್ನೆ ತನ್ನ ಬಾಯಿಯಿಂದ ಹೊರಡಲು ಎಷ್ಟು ಕಷ್ಟಪಡುತ್ತದೆಂಬುದು ಅವನಿಗೆ ಆಗ ತಿಳಿಯಿತು. "ಹೇಗಿತ್ತು?" ಎಂದ.

ಅವಳು ಯೋಚಿಸಿದಳು. "ಪರವಾಗಿಲ್ಲ" ಎಂದಳು.

ಬಡಗಿಗೆ ಕೆಮ್ಮು ಬಂತು. ಅವನು ಲಾರಿಯ ಕಡೆ ಹೋದ.

ಅಡುಗೆಯವನಿಗೇ ಏನೂ ಉಳಿದಿಲ್ಲವೆಂದು ಕಂಡದ್ದು ಅವಳಿಗೆ. ಗೋಡೆಯ ಬದಿಯಲ್ಲಿ ಸಾಲಾಗಿ ಕೂತಿದ್ದ ಪಾತ್ರೆಗಳತ್ತ ಕೈ ಚಾಚದೆ, ಹಿಡಿ ಅಲ್ಲಾಡುವ ಪಾತ್ರೆಯನ್ನೇ ಎಡಗೈಯಿಂದ ಎತ್ತಿಕೊಂಡಳು. ಅದರಲ್ಲೇ ಅಕ್ಕಿ ತೊಳೆದು, ಕರೆಂಟ್ ಒಲೆಯ ಮೇಲಿಟ್ಟು, ತಾನು ಉಂಡ ತಟ್ಟೆಯನ್ನು ತೊಳೆದು ಮುಚ್ಚಳ ಮಾಡಿದಳು. ಚಾಕುವಿನ ತುದಿಯಿಂದ ಒಮ್ಮೆ ತಿರುವಿದಳು. ಹೊರಗೆ ಲಾರಿಗೆ ಸಾಮಾನು ಏರುತ್ತಿತ್ತು. ಒಳಗೆ ಪಾತ್ರೆ ಯಾವ ಸದ್ದನ್ನೂ ಮಾಡದೆ ಬೇಯುತ್ತಿತ್ತು.

ಕೊಪ್ಪರಿಗೆ ಮಾವ ಬರಿನೆಲದ ಮೇಲೆ ಕೂತು ಒಂದು ತುತ್ತು ಉಂಡ. ಇನ್ನೊಂದು ಉಂಡ. ಅವಳು ಹೇಗಿದೆ ಎಂದು ಕೇಳಲಿಲ್ಲ. ಅವನೇ ತಗ್ಗಿದ ದನಿಯಲ್ಲಿ ಕೇಳಿದ:

"ಉಪ್ಪು ಎಷ್ಟು ಹಾಕಿದೆ ಮಾರಾಯ್ತಿ?"

ಅವಳು ಎಡಗೈಯ ಎರಡು ಬೆರಳುಗಳನ್ನು ಒತ್ತಿ ತೋರಿಸಿದಳು. ಅವನು ತನ್ನ ಅಗಲವಾದ ಬಲಗೈಯನ್ನು ಮುಂದೆ ಚಾಚಿ, ಎರಡು ಬೆರಳುಗಳನ್ನು ಹಾಗೆಯೇ ಒತ್ತಲು ನೋಡಿದ. ಮೊದಲ ಸಲ ಸರಿಯಾಗಿ ಕೂಡಲಿಲ್ಲ.