ಹೆಸರುಗಳು ಮುಗಿಯುವ ತನಕ

ಅವರ ಬಲಗೈಯ ನಡುಬೆರಳಿಗೆ ಸದಾ ನೇರಳೆ ಶಾಯಿ ಮೆತ್ತಿರುತ್ತಿತ್ತು. ಉಗುರಿನ ಸಂದಿಯಲ್ಲಿ, ಪೆನ್ನು ಒತ್ತಿ ಒತ್ತಿ ಗಟ್ಟಿಯಾದ ಚರ್ಮದ ಮೇಲೆ, ಎಷ್ಟು ಉಜ್ಜಿದರೂ ಹೋಗದ ಬಣ್ಣ. ಡಿವಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ತಲೆಬಾಗಿಸಿ ಕೊಡುವಾಗ ಮೊದಲು ಕಣ್ಣಿಗೆ ಬೀಳುತ್ತಿದ್ದುದು ಆ ಬೆರಳೇ. ಉಳಿದಂತೆ ಅವರು ಇಸ್ತ್ರಿ ಮುರಿಯದ ಮನುಷ್ಯ. ಬೆರಳು ಮಾತ್ರ ಶಾಲೆಯಲ್ಲಿ ಇಂಕುಪೆನ್ನು ಸೋರಿಸಿಕೊಂಡ ಮಕ್ಕಳದು.

ಜಪಾನಿನ ಉರಯಾಸುವಿನಲ್ಲಿ ಸಮುದ್ರದ ಕಡೆಗೆ ನಮ್ಮಂಥವರ ಎತ್ತರದ ಫ್ಲಾಟುಗಳಿವೆ. ಒಳಗಡೆ, ಹಿಂದೆ ಮೀನುಗಾರರಿದ್ದ ಹಳೆಯ ಊರಿನಲ್ಲಿ, ಕಿರಿದಾದ ಓಣಿಗಳಿವೆ. ಅಂಥದೊಂದು ಓಣಿಯಲ್ಲಿ ಅವರ ಡಿವಿಡಿ ಬಾಡಿಗೆ ಅಂಗಡಿಯಿತ್ತು. ಎಲ್ಲರೂ ಅವರನ್ನು ‘ತೆಂಚೋ’ ಎನ್ನುತ್ತಿದ್ದರು. ಅಂಗಡಿ ಯಜಮಾನರನ್ನು ಅಲ್ಲಿ ಹಾಗೆ ಕರೆಯುವುದು ರೂಢಿ. ನಾನೂ ಹಾಗೇ ಕರೆದೆ. ಫೋನಿನಲ್ಲೇ ಜಗತ್ತಿನ ಸಿನಿಮಾ ಎಲ್ಲ ಸಿಗುವ ಈ ಕಾಲದಲ್ಲಿ ಅಂಗಡಿ ಹೇಗೆ ಉಸಿರಾಡುತ್ತಿತ್ತೋ ನನಗೆ ಅರ್ಥವಾಗಿರಲಿಲ್ಲ. ಅರ್ಥವಾಗಿದ್ದು ಅವರ ಚೀಟಿಗಳನ್ನು ಓದಿದ ಮೇಲೆ.

ಪ್ರತಿ ಸಿನಿಮಾದ ಕೆಳಗೂ ಅಂಗೈ ಅಗಲದ ಒಂದು ಚೀಟಿ, ಅದರಲ್ಲಿ ನೇರಳೆ ಶಾಯಿಯ ಮೂರೇ ಸಾಲು. ಕಥೆ ಹೇಳುವಂತಿಲ್ಲ, ‘ಚೆನ್ನಾಗಿದೆ’ ಎನ್ನುವಂತಿಲ್ಲ. ಯಾರು ನೋಡಬೇಕು ಎಂಬುದನ್ನಷ್ಟೇ ಬರೆಯಬೇಕು. ‘ಅಪ್ಪನ ಜೊತೆ ಮಾತು ಕಡಿಮೆಯಾಗಿರುವವರಿಗೆ. ಇಬ್ಬರೂ ಕೂತು ನೋಡಿ. ಮಾತಾಡದಿದ್ದರೂ ನಡೆಯುತ್ತದೆ’ ಎಂದು ಒಂದರ ಕೆಳಗೆ. ‘ಪಥ್ಯದಲ್ಲಿರುವವರಿಗೆ ಬೇಡ. ಇದರಲ್ಲಿ ತುಂಬ ತಿನ್ನುತ್ತಾರೆ’ ಎಂದು ಇನ್ನೊಂದರ ಕೆಳಗೆ.

ಮೊದಲ ದಿನ ಹೋದಾಗ, ಆಫೀಸಿನ ತರಗತಿಯಲ್ಲಿ ಕಲಿತ ಜಪಾನಿಯಲ್ಲಿ, “ಸುಮಿಮಾಸೆನ್, ಕ್ಷಮಿಸಿ, ಇಲ್ಲಿ ಯಾವುದು ಚೆನ್ನಾಗಿದೆ?” ಎಂದು ಕೇಳಿದೆ.

“ನನಗೆ ಗೊತ್ತಿಲ್ಲ” ಎಂದರು.

ಅಂಗಡಿ ಇಟ್ಟುಕೊಂಡವರು ಹೀಗೆನ್ನುವುದೇ? ಆಮೇಲೆ ಅವರೇ ಕೇಳಿದರು: “ಕೊನೆಯದಾಗಿ ಯಾವುದು ನೋಡಿದಿರಿ? ಯಾರ ಜೊತೆ? ಮುಗಿದ ಮೇಲೆ ಏನು ಮಾಡಿದಿರಿ?”

ಫೋನಿನಲ್ಲಿ ನೋಡಿದೆ, ಒಬ್ಬಳೇ, ಕೋಟೋ ಬಡಾವಣೆಯ ಆಫೀಸಿನಿಂದ ಬರುವ ರೈಲಿನಲ್ಲಿ. ಸ್ಟೇಷನ್ ಬಂದದ್ದರಿಂದ ಅರ್ಧಕ್ಕೇ ಇಳಿದೆ ಎಂದೆ. ಅವರು ಬಹಳ ಹೊತ್ತು ಯೋಚಿಸಿ, ಅಂಗಡಿ ಮುಚ್ಚುವ ವಿಷಯಕ್ಕೆ ಜಗಳವಾಡುವ ಇಬ್ಬರು ಅಕ್ಕತಂಗಿಯರ ಹಳೆಯ ಚಿತ್ರವೊಂದನ್ನು ತೆಗೆದುಕೊಟ್ಟರು. “ರೈಲಿನಲ್ಲಿ ಬೇಡ. ಕೂತು ನೋಡಿ” ಎಂದರು. ಕೂತು ನೋಡಿದೆ, ಅತ್ತುಬಿಟ್ಟೆ. ಮುಗಿದ ಮೇಲೆ, ಮಾತು ಬಿಟ್ಟು ಮೂರು ವರ್ಷವಾಗಿದ್ದ ಅಕ್ಕನಿಗೆ ಫೋನು ಮಾಡಿದೆ. ಅವಳು ಎತ್ತಲಿಲ್ಲ, ಅದು ಬೇರೆ ಮಾತು.

ನಾನು ಸಿನಿಮಾ ಶಿಫಾರಸು ಮಾಡುತ್ತಿದ್ದ ರೀತಿಯೇ ಬೇರೆ. ನನಗೆ ಹಿಡಿಸಿದ್ದು ಊರಿಗೆಲ್ಲ ಹಿಡಿಸಬೇಕು. ಇಲ್ಲಿನ ಕನ್ನಡಿಗರ ವಾಟ್ಸ್ಆ್ಯಪ್ ಗುಂಪಿನಲ್ಲಿ ಎಷ್ಟೋ ಜನ ನನ್ನ ಸಂದೇಶಗಳ ಕಾಟಕ್ಕೆ ಸದ್ದು ಆಫ್ ಮಾಡಿಕೊಂಡಿದ್ದರು. ಅದರಲ್ಲೂ ಒಂದು ಕಪ್ಪುಬಿಳುಪು ಕನ್ನಡ ಚಿತ್ರ, ಹೊಲಿಗೆ ಯಂತ್ರ ನಂಬಿಕೊಂಡು ಬದುಕುವ ಒಬ್ಬ ಹೆಂಗಸಿನದು, ನನಗೆ ಪಂಚಪ್ರಾಣ. ಮೈಸೂರಿನ ಟಾಕೀಸಿನಲ್ಲಿ ಅಮ್ಮನ ಜೊತೆ ನೋಡಿದ್ದು. ಅಡುಗೆಮನೆ ಕೆಲಸ ಮುಗಿಸಿ ಹೊರಡುವ ಹೊತ್ತಿಗೆ ಅಮ್ಮನಿಗೆ ಯಾವಾಗಲೂ ತಡ. “ಟೈಟಲ್ ಹೋದ್ರೆ ಹೋಗ್ಲಿ ಬಿಡೇ, ಕಥೆ ಸಿಕ್ಕತ್ತಲ್ಲ” ಎನ್ನುತ್ತಿದ್ದಳು. ಅಮ್ಮ ಹೋದ ಮೇಲೆ ಆ ಚಿತ್ರವನ್ನು ಜೊತೆಯಲ್ಲಿ ನೋಡುವವರು ಸಿಗಲಿಲ್ಲ. ನನ್ನ ಯಜಮಾನರಂತೂ ಹತ್ತೇ ನಿಮಿಷಕ್ಕೆ ಗೊರಕೆ. ಮಗಳು “ಮಮ್ಮಾ, ಇಟ್ಸ್ ಟೂ ಸ್ಲೋ” ಎಂದು ಎದ್ದು ಹೋದಳು.

ಆ ಚಿತ್ರದ ಕೆಳಗೆ ತೆಂಚೋ ಅವರ ನೇರಳೆ ಚೀಟಿ ಬೀಳಬೇಕು ಎಂಬುದು ನನ್ನ ಹಟವಾಯಿತು. ಅವರೊಬ್ಬರು ಒಪ್ಪಿ ಬರೆದರೆ, ಅಮ್ಮನ ನಂತರ ಅದನ್ನು ಸರಿಯಾಗಿ ನೋಡಿದವರು ಒಬ್ಬರಿದ್ದಾರೆಂದು ಆಗುತ್ತಿತ್ತು. ನನಗೆ ಬೇಕಿದ್ದುದು ಅಷ್ಟೇ.

ಅಷ್ಟರೊಳಗೆ ಅವರ ಮುಂದೆ ಒಂದು ಎಡವಟ್ಟು ಮಾಡಿಕೊಂಡಿದ್ದೆ. ತಿಂಗಳಿಗೊಂದು ಭಾನುವಾರ ಮಧ್ಯಾಹ್ನ ಅಂಗಡಿಯ ಮಹಡಿಯಲ್ಲಿ ಹತ್ತು ಹನ್ನೆರಡು ಸಿನಿಮಾ ಹುಚ್ಚರು ಮಡಚುವ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಮೊದಲ ಸಲ ಹೋದಾಗ ನನ್ನ ಜಾಗ ದೀಪದ ಸ್ವಿಚ್ಚಿನ ಪಕ್ಕ. ಕಥೆ ಮುಗಿದು ಪರದೆಯ ಮೇಲೆ ಹೆಸರುಗಳು ಓಡತೊಡಗಿದವು. ನಮ್ಮೂರಿನಲ್ಲಾದರೆ ಅಷ್ಟು ಹೊತ್ತಿಗೆ ಅರ್ಧ ಜನ ಪಾರ್ಕಿಂಗಿನಲ್ಲಿರುತ್ತಾರೆ. ನಾನು ಉಪಕಾರ ಮಾಡುವವಳಂತೆ ಎದ್ದು ಟಪ್ಪೆಂದು ದೀಪ ಹಾಕಿದೆ. ಒಬ್ಬರೂ ಅಲುಗಲಿಲ್ಲ. ಹನ್ನೆರಡು ಜನ ಕಣ್ಣು ಕಿರಿದು ಮಾಡಿಕೊಂಡು, ಬೆಳಕಿನಲ್ಲಿ ಮಸುಕಾದ ಹೆಸರುಗಳನ್ನೇ ನೋಡುತ್ತ ಕೂತಿದ್ದರು. ತೆಂಚೋ ಹಿಂದೆ ತಿರುಗಿ, ಬೈಯದೆ, “ಇನ್ನೂ ಹೆಸರುಗಳಿವೆ” ಎಂದರು. ದೀಪ ಆರಿಸಿ ಕೂತೆ.

ನನ್ನ ಚಿತ್ರದ ಡಿವಿಡಿ ಕೊಟ್ಟಾಗ ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಜಪಾನಿ ಸಬ್‌ಟೈಟಲ್ ಅಕ್ಷರ ಇಲ್ಲ. ಇಂಗ್ಲಿಷ್ ನನಗೆ ಬಾರದು. ನೋಡದೆ ಬರೆಯಲಾರೆ” ಎಂದರು.

“ಹಾಗಾದರೆ ನಾನೇ ಅಕ್ಷರ ಕೂರಿಸುತ್ತೇನೆ” ಎಂದೆ. ಹೇಳುವಾಗ ಬಾಯಿಗೆ ಬಾಡಿಗೆಯೇನೂ ಇರಲಿಲ್ಲ. ಎಂಟು ತಿಂಗಳು ಹಿಡಿಯಿತು. ಪ್ರತಿ ಶನಿವಾರ ಬೆಳಿಗ್ಗೆ, ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು, ನಿಘಂಟು, ತಣ್ಣಗಾದ ಕಾಫಿ. ‘ಅಯ್ಯೋ ಪಾಪ’ ಎಂಬುದನ್ನು ಜಪಾನಿಯಲ್ಲಿ ಹೇಗೆ ಹೇಳುವುದೆಂದು ಒಂದಿಡೀ ಶನಿವಾರ ಕಳೆದಿದ್ದೇನೆ.

“ಪ್ರಾಜೆಕ್ಟ್ ಡೆಡ್‌ಲೈನಿಗೂ ನೀನು ಇಷ್ಟು ಸೀರಿಯಸ್ಸಾಗಿ ಕೂತಿರ್ಲಿಲ್ಲ ಕಣೇ” ಎಂದರು ಯಜಮಾನರು.

“ಡೆಡ್‌ಲೈನ್ ಆಫೀಸಿಂದು ರೀ. ಇದು ನಂದು” ಎಂದೆ. ಅವರು ದೋಸೆ ಹುಯ್ಯಲು ಹೋದರು.

ಆಫೀಸಿನಲ್ಲಿ ನನ್ನ ಪಕ್ಕದ ಸೀಟಿನ ಜಪಾನಿ ಗೆಳತಿ ಊಟದ ಬಿಡುವಿನಲ್ಲಿ ನನ್ನ ವ್ಯಾಕರಣ ತಿದ್ದಿಕೊಟ್ಟಳು. ಒಮ್ಮೆ ಒಂದು ಸಾಲು ಸಿಕ್ಕದೆ ತೆಂಚೋ ಅವರನ್ನೇ ಕೇಳಲು ಹೋದೆ. “ತೆಂಚೋ, ಗಂಡ ವಾಪಸು ಬಂದಾಗ ಅವಳು…” ಎನ್ನುವಷ್ಟರಲ್ಲಿ ಆ ಅರವತ್ತು ದಾಟಿದ ಮನುಷ್ಯ ಎರಡೂ ಕಿವಿ ಮುಚ್ಚಿಕೊಂಡು ಕಪಾಟಿನ ಹಿಂದೆ ಹೋಗಿ ನಿಂತುಬಿಟ್ಟರು. “ಹೇಳಬೇಡಿ! ನಾನಿನ್ನೂ ನೋಡಿಲ್ಲ!” ಎಂದು ಅಲ್ಲಿಂದಲೇ ಕೂಗಿದರು. ಗಿರಾಕಿಗಳು ನಕ್ಕರು. ನನ್ನ ಚಿತ್ರಕ್ಕಾಗಿ ಒಬ್ಬರು ಇಷ್ಟು ಆಸೆಯಿಂದ ಕಾಯುತ್ತಿದ್ದಾರೆಂದು ತಿಳಿದ ಆ ಘಳಿಗೆಯ ಸಂತೋಷವನ್ನು ನಾನು ಮರೆಯಲಾರೆ.

ಕೊನೆಗೆ ಆ ಭಾನುವಾರ ಬಂತು. ಚಿತ್ರ ಶುರುವಾದಾಗ ನಾನು ಚಕ್ಕುಲಿ ಹಂಚುತ್ತಿದ್ದೆ, ಯಾರೋ ಟೀ ಬಗ್ಗಿಸುತ್ತಿದ್ದರು. ಮೊದಲ ಮೂರು ನಿಮಿಷ ಬರೀ ಕನ್ನಡ ಟೈಟಲ್ಲು, ಅದಕ್ಕೆ ನಾನು ಅಕ್ಷರ ಕೂರಿಸಿರಲಿಲ್ಲ. ಮನೆಯಲ್ಲಿ ಆ ಭಾಗವನ್ನು ರಿಮೋಟ್ ಒತ್ತಿ ಓಡಿಸಿಬಿಡುವುದೇ ನನ್ನ ಅಭ್ಯಾಸ. ಆಮೇಲೆ ಕಥೆ ಶುರುವಾಯಿತು. ಪರದೆ ತುಂಬ ಕಾಣುವ, ನನ್ನ ಮೆಚ್ಚಿನ ಆ ಎರಡು ಕೈಗಳು ಹೊಲಿಗೆ ಯಂತ್ರದ ಚಕ್ರ ತಿರುಗಿಸಿದಾಗ ಕೋಣೆ ತೆಪ್ಪಗಾಯಿತು. ನಗಬೇಕಾದಲ್ಲಿ ಮೆಲ್ಲಗೆ ನಕ್ಕರು. ಗಂಡ ವಾಪಸು ಬಂದಾಗ ತೆಂಚೋ ಕನ್ನಡಕ ತೆಗೆದು ಒರೆಸಿಕೊಂಡರು. ನಾನು ಪರದೆ ನೋಡಲೇ ಇಲ್ಲ, ಅವರನ್ನೇ ನೋಡುತ್ತಿದ್ದೆ.

ಹಳೆಯ ಕನ್ನಡ ಚಿತ್ರಗಳಂತೆ ಅದೂ ‘ಶುಭಂ’ ಎಂದು ತೋರಿಸಿ ಗಪ್ಪೆಂದು ನಿಂತುಹೋಗುತ್ತದೆ. ಪರದೆ ಕಪ್ಪಾಯಿತು. ಯಾರೂ ಏಳಲಿಲ್ಲ. ಒಂದು ನಿಮಿಷ, ಎರಡು ನಿಮಿಷ. ಹನ್ನೆರಡೂ ಜನ ಕತ್ತಲಲ್ಲಿ ಹೆಸರುಗಳಿಗಾಗಿ ಕಾಯುತ್ತಿದ್ದರು. ನಾನು ಈ ಸಲ ದೀಪ ಹಾಕುವ ಧೈರ್ಯ ಮಾಡಲಿಲ್ಲ. ಕೊನೆಗೆ ತೆಂಚೋ ಕೇಳಿದರು, “ಹೆಸರುಗಳು ಎಲ್ಲಿ?”

“ಅವು ಶುರುವಿನಲ್ಲೇ ಬಂದವು. ನಮ್ಮಲ್ಲಿ ಮೊದಲೇ ಹಾಕುತ್ತಾರೆ.”

“ಅದಕ್ಕೆ ಅಕ್ಷರ ಇರಲಿಲ್ಲವಲ್ಲ?”

“ಬರೀ ಹೆಸರು ತಾನೇ ಎಂದು ಬಿಟ್ಟೆ.”

ಅವರು ನನ್ನ ಕಡೆ ತಿರುಗಿ ತಲೆಬಾಗಿಸಿ, “ಕ್ಷಮಿಸಿ, ಹಾಗಾದರೆ ಚೀಟಿ ಬರೆಯಲಾರೆ. ಮಾಡಿದವರು ಯಾರೆಂದು ಓದದೆ ಇನ್ನೊಬ್ಬರಿಗೆ ನೋಡಿ ಎನ್ನಲು ನನಗೆ ಬರುವುದಿಲ್ಲ” ಎಂದರು.

ಮನೆಗೆ ಬರುವ ದಾರಿಯುದ್ದಕ್ಕೂ ಉರಿದುಹೋದೆ. ಎಂಟು ತಿಂಗಳು ಗಾಣದೆತ್ತಿನ ಹಾಗೆ ದುಡಿದಿದ್ದೇನೆ, ಮೂರು ಸಾಲು ಬರೆಯಲು ಇವರಿಗೇನು ಧಾಡಿ? ಮರುದಿನ ಆಫೀಸಿನಲ್ಲೂ ಕೆಲಸ ಕೈಗೆ ಹತ್ತಲಿಲ್ಲ. ಮೂರನೆಯ ದಿನ ಸಿಟ್ಟು ಇಳಿದು, ಹಟ ಉಳಿಯಿತು. ಡಿವಿಡಿ ಹಾಕಿ, ರಿಮೋಟ್ ಮುಟ್ಟದೆ, ಜೀವನದಲ್ಲಿ ಮೊದಲ ಸಲ ಆ ಟೈಟಲ್ಲುಗಳನ್ನು ಕೂತು ಓದಿದೆ. ಓದಲು ಆಗುವಂತಿದ್ದರೆ ತಾನೇ? ಪ್ರಿಂಟು ಸವೆದು ಅರ್ಧ ಹೆಸರುಗಳ ಮೇಲೆ ಮಳೆ ಸುರಿದಂತಿತ್ತು.

ಆಗ ನೆನಪಾದವರು ಮೈಸೂರಿನ ಸೋದರಮಾವ. ಹಿಂದೆ ಟಾಕೀಸಿನ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕಗಳನ್ನು ಅವರು ಟ್ರಂಕಿನಲ್ಲಿ ಕಾಪಾಡಿಟ್ಟಿದ್ದಾರೆ. ಆ ಪುಸ್ತಕಗಳ ಮೊದಲ ಪುಟದಲ್ಲಿ ಕೆಲಸ ಮಾಡಿದವರ ಪಟ್ಟಿ ಇರುತ್ತಿತ್ತು. ಫೋನು ಮಾಡಿದೆ.

“ಅಲ್ಲ ಕಣೇ, ಲೈಟ್ ಬಾಯ್ ಹೆಸರು ಇಟ್ಕೊಂಡು ಜಪಾನಿನೋರು ಏನ್ ಮಾಡ್ತಾರೆ? ಉಪ್ಪಿನಕಾಯಿ ಹಾಕ್ತಾರಾ?” ಎಂದರು.

“ಓದ್ತಾರೆ ಮಾವ. ನೀವು ಹುಡುಕಿ ಕೊಡ್ತೀರೋ, ಇಲ್ಲ ನಾನೇ ಫ್ಲೈಟ್ ಹತ್ತಿ ಬರ್ಲೋ?”

“ಬೇಡಮ್ಮ ತಾಯೀ, ಕಳಿಸ್ತೀನಿ. ನಿಮ್ಮಮ್ಮಂದೇ ಹಟ ನಿಂದು.”

ಮಾವ ಕಳಿಸಿದ ಫೋಟೋದಲ್ಲಿ ಎಲ್ಲರೂ ಇದ್ದರು. ಅಡುಗೆಯವರು, ಬಣ್ಣ ಹಚ್ಚಿದವರು, ವ್ಯಾನು ಓಡಿಸಿದವರು. ನಡುವೆ ಒಂದು ಸಾಲು ನನ್ನನ್ನು ತಡೆದು ನಿಲ್ಲಿಸಿತು: ‘ಹೊಲಿಗೆಯ ಕೈಗಳು’, ಅದರ ಮುಂದೆ ಒಬ್ಬ ಹೆಂಗಸಿನ ಹೆಸರು. ಹತ್ತಾರು ಸಲ ನೋಡಿ, ನೂರಾರು ಜನಕ್ಕೆ ಹೇಳಿ, ಜಗಳವಾಡಿದ ಚಿತ್ರ. ಅದರಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಆ ಕೈಗಳು ನಾಯಕಿಯವಲ್ಲ. ಯಾವುದೋ ಊರಿನ ನಿಜವಾದ ದರ್ಜಿ ಹೆಂಗಸಿನವು. ನನಗೆ ನಾಚಿಕೆಯಾಯಿತು. ತೆಂಚೋ ಹೇಳಿದ್ದು ಆ ಕ್ಷಣ ಅರ್ಥವಾಯಿತು.

ಒಂದು ಹೆಸರನ್ನೂ ಬಿಡದೆ ಜಪಾನಿ ಲಿಪಿಯಲ್ಲಿ ಕೂರಿಸಿ ಅಂಗಡಿಗೆ ಓಡಿದರೆ, ಕೌಂಟರಿನಲ್ಲಿ ಅವರ ತಂಗಿ ಕೂತಿದ್ದರು. ಅಣ್ಣ ಆಸ್ಪತ್ರೆಯಲ್ಲಿದ್ದಾರೆ ಎಂದರು. ಕಾಯಿಲೆ ಮೊದಲೇ ಇತ್ತಂತೆ, ಯಾರಿಗೂ ಹೇಳಿರಲಿಲ್ಲವಂತೆ. ತಿಂಗಳ ಕೊನೆಗೆ ಅಂಗಡಿ ಮುಚ್ಚುವುದು ಆಗಲೇ ನಿಶ್ಚಯವಾಗಿತ್ತು. ಆಸ್ಪತ್ರೆಯಲ್ಲಿ ಮನೆಯವರ ಹೊರತು ಯಾರನ್ನೂ ಒಳಗೆ ಬಿಡುವುದಿಲ್ಲ. ನಾನು ಅಲ್ಲೇ ನಿಂತು ನನ್ನ ಟ್ಯಾಬ್ಲೆಟ್ಟಿಗೆ ಚಿತ್ರ ಹಾಕಿ, ಆ ಮೂರು ನಿಮಿಷ ಎಲ್ಲಿದೆಯೆಂದು ಅವರ ತಂಗಿಗೆ ತೋರಿಸಿಕೊಟ್ಟೆ. “ಕಥೆ ಬೇಡ, ಇಷ್ಟು ತೋರಿಸಿದರೆ ಸಾಕು” ಎಂದೆ. ಅವರು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

ಹನ್ನೊಂದು ದಿನಗಳ ನಂತರ ತೆಂಚೋ ತೀರಿಕೊಂಡ ಸುದ್ದಿ ಬಂತು. ಅವರು ನೋಡಿದರೋ ಇಲ್ಲವೋ ಎಂದು ಕೇಳಲು ಬಾಯಿ ಬರಲಿಲ್ಲ. ಬಟ್ಟೆ ಮಡಚುತ್ತ ಕೂತಿದ್ದವಳು ಇದ್ದಕ್ಕಿದ್ದಂತೆ ಅತ್ತೆ. ಮಗಳು ಬಂದು ನನ್ನ ಬೆನ್ನು ಸವರಿ, “ದಾಯ್‌ಜೋಬು, ಅಮ್ಮಾ? ಏನಾಯ್ತು?” ಎಂದಳು. ಏನಿಲ್ಲ ಎಂದೆ. ಇತ್ತು, ತುಂಬ ಇತ್ತು.

ಅಂಗಡಿ ಖಾಲಿ ಮಾಡುವ ದಿನ ಅವರ ತಂಗಿ ಕರೆದು ಟ್ಯಾಬ್ಲೆಟ್ ಹಿಂದಿರುಗಿಸಿದರು. ಅದರ ಮೇಲೊಂದು ಲಕೋಟೆ, ಒಳಗೆ ಅಂಗೈ ಅಗಲದ ಚೀಟಿ. ನೇರಳೆ ಅಕ್ಷರಗಳು ನಡುಗಿದ್ದವು, ಆದರೆ ಸಾಲು ಮೂರೇ.

‘ದೀಪ ಹಾಕಲು ಅವಸರವಿರುವವರಿಗೆ.
ಇದರಲ್ಲಿ ಹೆಸರುಗಳು ಮೊದಲೇ ಬರುತ್ತವೆ, ಹೊತ್ತಿಗೆ ಸರಿಯಾಗಿ ಬಂದು ಕೂತುಕೊಳ್ಳಿ.’

ಮೂರನೆಯ ಸಾಲಿನಲ್ಲಿ ಇದ್ದುದು ಆ ದರ್ಜಿ ಹೆಂಗಸಿನ ಹೆಸರು. ಹೆಸರಿನ ಕೊನೆಗೆ, ಎದುರಿಗಿರುವವರನ್ನು ಗೌರವದಿಂದ ಕರೆಯುವಂತೆ, ಒಂದು ‘ಸಾನ್’.

ಈಗ ತಿಂಗಳಿಗೊಂದು ಭಾನುವಾರ ಸಮುದಾಯ ಭವನದ ಕೋಣೆಯೊಂದರಲ್ಲಿ ಅದೇ ಜನ ಸೇರುತ್ತೇವೆ. ಕನ್ನಡದವರೂ ಐದಾರು ಮಂದಿ ಬರುತ್ತಾರೆ, ನನ್ನ ಯಜಮಾನರೂ ಬಂದು ನಿದ್ದೆ ಮಾಡದೆ ಕೂರುತ್ತಾರೆ. ಎರಡನೆಯ ಕನ್ನಡ ಚಿತ್ರಕ್ಕೆ ಅಕ್ಷರ ಕೂರಿಸುತ್ತಿದ್ದೇನೆ. ಈ ಸಲ ಹೆಸರುಗಳಿಂದಲೇ ಶುರು ಮಾಡಿದೆ, ಮುಗಿಸಿಯೇ ತೀರುತ್ತೇನೆ. ಆ ಮೊದಲ ಚಿತ್ರ ಯಾವುದು ಎಂದು ಇದನ್ನು ಓದಿದವರು ಕೇಳಬಹುದು. ಹೇಳುತ್ತೇನೆ. ಆದರೆ ನೀವು ಕೊನೆಯದಾಗಿ ಯಾವುದು ನೋಡಿದಿರಿ, ಯಾರ ಜೊತೆ, ಮುಗಿದ ಮೇಲೆ ಏನು ಮಾಡಿದಿರಿ ಎಂದು ಮೊದಲು ನನಗೆ ಹೇಳಬೇಕು.