ಗಂಗಮ್ಮನವರ ಸೋಪಿನ ಗೆರೆ

ಬಾರ್ ಸೋಪಿನ ವಾಸನೆ ಬಡಿದರೆ ಇವತ್ತಿಗೂ ನನ್ನ ಕೈ ತಾನಾಗಿಯೇ ಬೆನ್ನ ಹಿಂದೆ ಹೋಗುತ್ತದೆ. ಹರಿಹರದ ಈ ರೂಮಿನ ಬಚ್ಚಲಲ್ಲಿ ಇಂದು ಬೆಳಿಗ್ಗೆಯೂ ಹಾಗೇ ಆಯಿತು. ಕಳ್ಳನ ಕೈ, ಏನು ಮಾಡುವುದು ಹೇಳಿ.

ನಾಲ್ಕೈದು ವರ್ಷದ ಹಿಂದೆ, ದಾವಣಗೆರೆಯಲ್ಲಿ ಓದುವಾಗ, ಗಂಗಮ್ಮನವರ ಹಿತ್ತಲ ಕೋಣೆಯಲ್ಲಿ ಬಾಡಿಗೆಗಿದ್ದೆ. ಆಕೆ ಹಾಲಿನವನನ್ನು ನಂಬಿದವರಲ್ಲ, ಪಂಚಾಂಗವನ್ನೂ ನಂಬಿದವರಲ್ಲ. ಬಾರ್ ಸೋಪು ತಂದ ದಿನವೇ ಕೊಯ್ದು, ಮೆತ್ತಗಿರುವಾಗಲೇ ಪ್ರತಿ ತುಂಡಿಗೂ ಉಗುರಿನಿಂದ ಗೆರೆ ಎಳೆದು, ಗೂಡಿನಲ್ಲಿ ಒಣಗಲು ಇಡುತ್ತಿದ್ದರು. ಯಾರಾದರೂ ಉಜ್ಜಿದರೆ ಗೆರೆ ಮಾಯ. ಹಿಂದಿನ ಬಾಡಿಗೆಯವನು ಹಾಗೆ ಸಿಕ್ಕಿಬಿದ್ದು, ಅವನ ಹಾಸಿಗೆ ಬೀದಿಗೆ ಬಿದ್ದಿತ್ತು. ನಾನು ಜಾಣ. ನನ್ನ ಅಂಗಿಗೆ ಉಜ್ಜಿಕೊಂಡು ಮತ್ತೆ ಗೆರೆ ಎಳೆದಿಡುತ್ತಿದ್ದೆ. ಊರವರ ದನಿಯನ್ನೆಲ್ಲ ಅಣಕಿಸುವವನಿಗೆ ಒಂದು ಉಗುರು ಯಾವ ಲೆಕ್ಕ?

ಒಂದು ದಿನ ಸುತ್ತಿಗೆ ಹಿಡಿದು ಕಲ್ಲು ಪರೀಕ್ಷಿಸುವ ಸರ್ವೇ ಸಾಹೇಬರೊಬ್ಬರು ಬಂದು ನಮ್ಮ ಒಗೆಯುವ ಬಂಡೆಯ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಬಂಗಾರ ಐತೇನ್ರಿ ಅದ್ರಾಗೆ? ಇದ್ರೆ ಅದು ನಂದು, ಮೊದ್ಲೇ ಹೇಳೀನಿ," ಎಂದರು ಗಂಗಮ್ಮ.

"ಬಂಗಾರ ಇಲ್ರಮ್ಮ. ಇದು ಭೂಮಿ ಮೇಲಿನ ಭಾಳ ಹಳೇ ನೆಲ. ಬೇರೆ ಕಡೆ ಬೆಟ್ಟ ಎದ್ವು, ಸಮುದ್ರ ನುಗ್ತು, ಹಳೇದೆಲ್ಲ ಅಳಿಸಿಹೋತು. ಇಲ್ಲಿ ನೂರಾರು ಕೋಟಿ ವರ್ಷದಿಂದ ನೆಲ ಹೆಚ್ಚು ಅಲುಗಾಡಿಲ್ಲ. ಅದ್ಕೇ ಗೆರೆ ಉಳಿದಾವೆ."

"ನೀವೇನ್ ಅವಾಗ ಇದ್ರೇನು ನೋಡಾಕೆ?"

ಸಾಹೇಬರು ನಕ್ಕು ಬಂಡೆಯ ಮೇಲೆ ಬೆರಳಾಡಿಸಿದರು. "ಈ ಕರೀ ಪಟ್ಟಿಗಳನ್ನ ಬಿಳೀ ಗೆರೆ ಕೊಯ್ಕೊಂಡು ಹೋಗೈತೆ ನೋಡ್ರಿ. ಕೊಯ್ಯೋ ಗೆರೆ ಯಾವಾಗ್ಲೂ ಆಮೇಲೆ ಬಂದಿದ್ದು. ಹಿಂಗೇ ನಾವು ಭೂಮಿ ಚರಿತ್ರೆ ಓದೋದು."

ನಾನು ಹಿಂದೆ ನಿಂತು ಅವರು ಕನ್ನಡಕ ಏರಿಸುವುದನ್ನು ಅಣಕಿಸುತ್ತಿದ್ದೆ. ಗಂಗಮ್ಮ ನಗಲಿಲ್ಲ. ಗೂಡಿನಿಂದ ಒಂದು ಸೋಪು ತಂದು ಬಿಸಿಲಿಗೆ ಹಿಡಿದರು. ಒಣಗಿ ಬಿರುಕು ಬಿಟ್ಟಿತ್ತು. ಆ ಬಿರುಕುಗಳನ್ನು ಕೊಯ್ದುಕೊಂಡು ಹೋಗಿತ್ತು ಉಗುರಿನ ಗೆರೆ.

"ನಾ ಎಳೆದಾಗ ಬಿರುಕೇ ಇರ್ಲಿಲ್ಲ. ಇದನ್ನ ಆಮೇಲೆ ಎಳೆದೋರು ಯಾರಪ್ಪಾ?"

ಅಣಕಿಸುತ್ತಿದ್ದ ನನ್ನ ಕೈ ತಾನಾಗಿಯೇ ಬೆನ್ನ ಹಿಂದೆ ಹೋಯಿತು. ಪರೀಕ್ಷೆಗೆ ಮೂರೇ ವಾರ; ಹಾಸಿಗೆ ಬೀದಿಗೆ ಬಿದ್ದಂತೆಯೇ ಎಂದುಕೊಂಡೆ.

ಗಂಗಮ್ಮ ನನ್ನ ಕೈಯನ್ನೇ ನೋಡಿದರು. "ಮೊದ್ಲು ಉಗುರು ಕತ್ತರಿಸ್ಕೊಂಡು ಬಾ. ಹಾಸಿಗೆ ವಿಚಾರ ಪರೀಕ್ಷೆ ಆದ್ಮೇಲೆ."

ಅಲ್ಲಿಂದ ಹೊರಡುವ ತನಕ ದಿನಾ ಸಂಜೆ ಅವರಿಗೆ ಹತ್ತೂ ಬೆರಳು ತೋರಿಸಿದೆ.

ಈಗ ಈ ರೂಮಿಗೆ ನನ್ನ ಜೊತೆ ಹೊಸಬನೊಬ್ಬ ಬಂದಿದ್ದಾನೆ. ನಗುಮುಖ, ಸಭ್ಯ, ಚೆನ್ನಾಗಿ ಅಣಕಿಸುತ್ತಾನೆ ಬೇರೆ. ಬೆಳಿಗ್ಗೆ ನಾನು ಸೋಪು ಕೊಯ್ದು ಕಿಟಕಿಯಲ್ಲಿ ಒಣಗಲು ಇಟ್ಟವನು, ಬಾಗಿಲ ಕಡೆ ಒಮ್ಮೆ ನೋಡಿ, ಉಗುರಿನಿಂದ ಒಂದು ಗೆರೆ ಎಳೆದೆ.

ಬಿರುಕು ಬಿಡಲಿ ಎಂದು ಕಾಯುತ್ತಿದ್ದೇನೆ.