ಕವುಚಿಟ್ಟ ಕೈಗಡಿಯಾರ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಶಿಕ್ಷಣ ವಲಯದಲ್ಲಿ ಶ್ರೀ ಪ್ರೇಮಾನಂದ ಅವರ ಹೆಸರು ಕೇಳದವರು ಕಡಿಮೆ. ಬೈಂದೂರಿನ ಪದವಿಪೂರ್ವ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷ ವಾಣಿಜ್ಯಶಾಸ್ತ್ರ ಬೋಧಿಸಿ, ಅನಂತರ ಬ್ರಹ್ಮಾವರದ ಹೊರವಲಯದ ಅಂತರರಾಷ್ಟ್ರೀಯ ಶಾಲೆಯಲ್ಲಿ ವೃತ್ತಿ ಸಂಬಂಧಿ ಶಿಕ್ಷಣ ವಿಭಾಗವನ್ನು ಹನ್ನೊಂದು ವರ್ಷ ನಡೆಸಿ, ಈ ಮಾರ್ಚ್ ಕೊನೆಗೆ ಅವರು ನಿವೃತ್ತರಾಗುತ್ತಿದ್ದಾರೆ. ಅವರ ಪಾಠದ ಬಗ್ಗೆ, ಆಡಳಿತದ ಬಗ್ಗೆ ಬರೆಯಲು ಈ ಅಭಿನಂದನ ಸಂಪುಟದಲ್ಲಿ ಬೇರೆಯವರಿದ್ದಾರೆ. ಇಲ್ಲಿ ಬರುವುದು ಅವರ ವಿದ್ಯಾರ್ಥಿನಿ ಅನಿಷಾಳ ಕೆಲವು ದಿನಗಳು. ಅವರು ಏನೂ ಹೇಳದೆ ಕುಳಿತ ಹೊತ್ತುಗಳೇ ಅವಳಿಗೆ ಹೆಚ್ಚು ನೆನಪಿವೆ.

ಬೈಂದೂರಿನ ದಿನಗಳಿಂದಲೇ ಅವರಿಗೊಂದು ಪದ್ಧತಿ ಇತ್ತು. ಹಾಜರಿಯನ್ನು ಅವರು ತರಗತಿಯ ಕೊನೆಗೆ ಕರೆಯುತ್ತಿದ್ದರು. ಅಮಾಸೆಬೈಲಿನ ಕಡೆಯಿಂದ ಎರಡು ಬಸ್ಸು ಬದಲಾಯಿಸಿ ಬರುವ ಮಕ್ಕಳು ಮೊದಲ ಗಂಟೆಗೆ ತಲುಪುವುದು ಅಪರೂಪವಾಗಿತ್ತು. ಪ್ರಾಂಶುಪಾಲರು ಎರಡು ಸಲ ಲಿಖಿತ ವಿವರಣೆ ಕೇಳಿದರು. ಎರಡು ಸಲವೂ ಪ್ರೇಮಾನಂದರು ಬಸ್ಸಿನ ವೇಳಾಪಟ್ಟಿಯನ್ನು ನಕಲು ಮಾಡಿ ಕೊಟ್ಟರು, ಬೇರೇನನ್ನೂ ಬರೆಯಲಿಲ್ಲ.

ಅಂತರರಾಷ್ಟ್ರೀಯ ಶಾಲೆಗೆ ಬಂದ ಮೇಲೆ ಅವರ ಪಾಲಿಗೆ ಬಂದದ್ದು ಯಾರಿಗೂ ಸರಿಯಾಗಿ ಗೊತ್ತಿಲ್ಲದ ವಿಭಾಗ. ಶಾಲೆಯ ಕೊನೆಯ ಎರಡು ವರ್ಷಗಳಲ್ಲಿ ಕೆಲವು ಪಠ್ಯ ವಿಷಯಗಳ ಜೊತೆಗೆ ಒಂದು ವೃತ್ತಿಯ ಅಧ್ಯಯನ, ಸಮಾಜ ಸೇವೆ, ಹೊಸದೊಂದು ಭಾಷೆ, ಇವಲ್ಲದೆ ಒಂದು ದೊಡ್ಡ ವರದಿ. ಆ ವೃತ್ತಿಯಲ್ಲಿ ಸರಿ ಯಾವುದು ತಪ್ಪು ಯಾವುದು ಎಂದು ಸುಲಭವಾಗಿ ಹೇಳಲಾಗದ ಒಂದು ಪ್ರಶ್ನೆಯನ್ನು ವಿದ್ಯಾರ್ಥಿಯೇ ಹುಡುಕಿ, ಜನರನ್ನು ಮಾತಾಡಿಸಿ, ಆ ವರದಿಯನ್ನು ಬರೆಯಬೇಕು. ಡಾಕ್ಟರು, ಎಂಜಿನಿಯರು ಆಗಲಾರದವರು ಸೇರುವ ವಿಭಾಗ ಇದು ಎಂದು ಪೋಷಕರು ತಿಳಿದಿದ್ದರು. ಮಕ್ಕಳೂ ಹಾಗೆಯೇ ತಿಳಿದಿದ್ದರು ಎನ್ನುವುದು ಹೆಚ್ಚು ಕಷ್ಟದ ಸಂಗತಿ.

ಮುಂಬಯಿಯಲ್ಲಿ ಹುಟ್ಟಿ ಬೆಳೆದ ಪ್ರಖ್ಯಾತ್ ಎಂಬ ಹುಡುಗನಿಗೆ ಕಲಿಯಬೇಕಾದ ಹೊಸ ಭಾಷೆಯಾಗಿ ಕನ್ನಡ ಬಂತು. ಪ್ರೇಮಾನಂದರು ಅವನನ್ನು ಒಂದು ವಾರ ಕುಂದಾಪುರದ ಬಸ್ ನಿಲ್ದಾಣಕ್ಕೆ ಕಳುಹಿಸಿದರು. ಎಂಟನೆಯ ದಿನ ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದ ಪ್ರಾಂಶುಪಾಲರಿಗೆ ಅವನು ಕಂಡಕ್ಟರುಗಳಿಂದ ಕಲಿತ ಮಾತಿನಲ್ಲಿ, ಬಹಳ ವಿನಯದಿಂದ, “ಹ್ವಾಯ್, ಬಾಗ್ಲಂಗೆ ನಿಲ್ಬೇಡಿ, ಒಳ್ಗ್ ಹೋಯ್ನಿ” ಎಂದನಂತೆ. ಅವನಿಗೆ ಭಾಷೆಯಲ್ಲಿ ಒಳ್ಳೆಯ ಅಂಕ ಬಂತು.

ಅನಿಷಾ ಈ ವಿಭಾಗಕ್ಕೆ ಬಂದಾಗ ಅವಳಿಗೆ ಹದಿನಾರು. ಮನೆಯಲ್ಲಿ ಅವಳ ಓದಿನ ಸುದ್ದಿ ಬಂದರೆ ಹಿರಿಯರು ಮಾತು ಬದಲಾಯಿಸುತ್ತಿದ್ದರು. ಆ ಮಾತು ಬದಲಾಯಿಸುವಿಕೆ ಅವಳಿಗೆ ಬೈಗುಳಕ್ಕಿಂತ ಚೆನ್ನಾಗಿ ಕೇಳಿಸುತ್ತಿತ್ತು. ಅವಳ ಸೋದರಮಾವ ಜಿತೇಂದ್ರರಿಗೆ ಕೋಟೇಶ್ವರದ ಬಳಿ ಗೇರುಬೀಜದ ಕಾರ್ಖಾನೆ ಇದೆ. ವರದಿಗಾಗಿ ಅವಳು ಆರಿಸಿಕೊಂಡದ್ದು ಅಲ್ಲಿನ ಪ್ರಶ್ನೆಯನ್ನು. ಬೀಜ ಒಡೆಯುವಾಗ ಸಿಪ್ಪೆಯಿಂದ ಬರುವ ಗೇರೆಣ್ಣೆ ಹೆಂಗಸರ ಕೈಯನ್ನು ಸುಡುತ್ತದೆ. ಗ್ಲೌಸ್ ಹಾಕಿದರೆ ಕೈ ಉಳಿಯುತ್ತದೆ, ಕೆಲಸ ನಿಧಾನವಾಗುತ್ತದೆ, ಕೂಲಿ ತೂಕದ ಮೇಲಾದ್ದರಿಂದ ಕೂಲಿಯೂ ಇಳಿಯುತ್ತದೆ. ಹಾಗಿರುವಾಗ ಗ್ಲೌಸನ್ನು ಕಡ್ಡಾಯ ಮಾಡುವುದು ಸರಿಯೇ?

ಮಾವ ಸಂತೋಷದಿಂದಲೇ ಒಪ್ಪಿದರು. “ಯಾರ್ ಹತ್ರ ಬೇಕಾರೂ ಕೇಂಡ್ಕೊ. ಆದ್ರೆ ಯಾರ್ ಎಂತ ಹೇಳ್ರ್ ಅಂದ್ ನಂಗ್ ಗೊತ್ತಾತ್ತ್” ಎಂದು ನಕ್ಕರು. ಆ ನಗುವನ್ನು ಅನಿಷಾ ಆಗ ತಮಾಷೆ ಎಂದೇ ತಿಳಿದಳು.

ಒಡೆಯುವ ವಿಭಾಗದಲ್ಲಿ ಬೀಜಾಡಿಯಿಂದ ಬರುತ್ತಿದ್ದ ಒಬ್ಬ ಹೆಂಗಸು ಅವಳೊಡನೆ ನಾಲ್ಕು ಮಧ್ಯಾಹ್ನ ಮಾತಾಡಿದರು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವಾಗ ಅವರ ಷರತ್ತು ಎರಡೇ: “ಹೆಸ್ರ್ ಬೇಡ, ಮುಖ ಬೇಡ.” ಅನಿಷಾ ಎರಡನ್ನೂ ಪಾಲಿಸಿದಳು. ವರದಿಯ ನಡುವೆ ಅವರ ಕೈಗಳ ಚಿತ್ರ ಹಾಕಿ, ಕೆಳಗೆ ಅವರದೇ ಮಾತನ್ನು ಬರೆದಳು: “ಗ್ಲೌಸ್ ಇತ್ತ್. ಯಾರಾರೂ ನೋಡುಕ್ ಬಪ್ಪತಿಗೆ ಹಾಕುದ್.” ಗ್ಲೌಸ್ ಇದೆ, ಆದರೆ ಯಾರಾದರೂ ನೋಡಲು ಬಂದಾಗ ಮಾತ್ರ ಹಾಕುವುದು, ಎಂದು.

ವರ್ಷದ ಕೊನೆಗೆ ಈ ವರದಿಗಳನ್ನು ದೊಡ್ಡ ಹಾಳೆಗಳ ಮೇಲೆ ಮುದ್ರಿಸಿ ಸಭಾಂಗಣದಲ್ಲಿ ತೂಗುಹಾಕುವುದು, ಪೋಷಕರನ್ನು ಕರೆಯುವುದು ಶಾಲೆಯ ರೂಢಿ. ಆ ವರ್ಷದ ಅತಿಥಿ ಜಿತೇಂದ್ರರು. ಹಿಂದಿನ ದಿನ ಮಧ್ಯಾಹ್ನ ಶಾಲೆಯ ವ್ಯಾನಿನ ಚಾಲಕ ಕಿಟ್ಟಣ್ಣ ಮುದ್ರಣಾಲಯದಿಂದ ಹಾಳೆಗಳ ಸುರುಳಿ ತಂದು ಮೇಜಿನ ಮೇಲೆ ಬಿಚ್ಚಿದರು. ಅವರ ಹೆಂಡತಿಯೂ ಅದೇ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. ಅನಿಷಾಳ ಹಾಳೆಯನ್ನು ಒಂದು ಗಳಿಗೆ ನೋಡಿ ಕಿಟ್ಟಣ್ಣ ಆ ಹೆಂಗಸಿನ ಹೆಸರು ಹೇಳಿದರು.

“ಅವ್ರದ್ದೇ ಕೈ ಅಲ್ದ? ಈ ಸೊಟ್ಟ ಕಿರುಬೆರಳ್ ಕಂಡ್ರೆ ಫ್ಯಾಕ್ಟ್ರಿಯಂಗೆ ಯಾರಿಗಾರೂ ಗೊತ್ತಾತ್ತ್.”

ಚಿಕ್ಕಂದಿನಲ್ಲಿ ಮುರಿದು ಹಾಗೆಯೇ ಕೂಡಿಕೊಂಡ ಬೆರಳು ಅದು. ನಾಲ್ಕು ಮಧ್ಯಾಹ್ನ ಎದುರು ಕುಳಿತು ಆ ಕೈಗಳನ್ನೇ ನೋಡಿದ್ದ ಅನಿಷಾಳಿಗೆ ಕಂಡದ್ದು ಸುಟ್ಟ ಕಪ್ಪು ಬಣ್ಣ ಮಾತ್ರ. ಪಕ್ಕದಲ್ಲಿ ಕುಳಿತು ಬೀಜ ಒಡೆಯುವವರಿಗೆ ಆ ಕಪ್ಪು ಕಾಣುವುದೇ ಇಲ್ಲ. ಅವರೆಲ್ಲರ ಕೈಯೂ ಅದೇ ಬಣ್ಣ. ಅವರು ಒಬ್ಬರನ್ನೊಬ್ಬರು ಗುರುತಿಸುವುದು ಬೆರಳಿನಿಂದ.

ಅವಳು ಪ್ರೇಮಾನಂದರ ಕೋಣೆಗೆ ಓಡಿದಳು. ಹೇಳಬೇಕಾದ್ದನ್ನು ಹೇಗೋ ಹೇಳಿ ಮುಗಿಸಿ, “ಸರ್, ಬೇರೆ ಯಾವ್ದಾರೂ ಚಿತ್ರ ಅದ್ರ ಮೇಲೆ ಅಂಟಿಸ್ತೆ. ವರದಿಯಂಗೂ ತೆಗಿತೆ. ಅವ್ರಿಗ್ ಗೊತ್ತೇ ಆಪುದಿಲ್ಲ” ಎಂದಳು.

ಪ್ರೇಮಾನಂದರು ಕೈಗಡಿಯಾರ ಬಿಚ್ಚಿ ಮೇಜಿನ ಮೇಲೆ ಕವುಚಿ ಇಟ್ಟರು.

ಅವರ ಎಲ್ಲ ವಿದ್ಯಾರ್ಥಿಗಳಿಗೂ ಪರಿಚಿತವಾದ ಕ್ರಮವಿದು. ವರದಿಯ ಬಗ್ಗೆ ಮಾರ್ಗದರ್ಶಕರು ವಿದ್ಯಾರ್ಥಿಯೊಡನೆ ಮೂರು ಸಲ ವಿಧಿವತ್ತಾಗಿ ಕೂರಬೇಕೆಂಬ ನಿಯಮವಿದೆ. ಪ್ರತಿ ಸಲವೂ ಅವರು ಪ್ರಶ್ನೆ ಕೇಳಿ ಗಡಿಯಾರವನ್ನು ಕವುಚಿ ಹಾಕುತ್ತಿದ್ದರು. ಆಮೇಲೆ ವಿದ್ಯಾರ್ಥಿ ಬಾಯಿ ತೆರೆಯುವ ತನಕ ಅವರು ತೆರೆಯುತ್ತಿರಲಿಲ್ಲ. ಕೆಲವರು ಇದನ್ನು ಶಿಕ್ಷೆ ಎಂದುಕೊಂಡರು. ಅನಿಷಾಳೂ ಮೊದಲ ಸಲ ಅತ್ತಿದ್ದಳು. ಈ ಸಲ ಅವರು ಪ್ರಶ್ನೆಯನ್ನೂ ಕೇಳಲಿಲ್ಲ. ಹೊರಗೆ ಮಕ್ಕಳು ಕುರ್ಚಿ ಎಳೆಯುವ ಸದ್ದು ಬಂತು, ನಿಂತಿತು, ಮತ್ತೆ ಬಂತು.

“ಅವ್ರ್ ಹತ್ರ ಹೋಯಿ ಹೇಳ್ಕ್ ಅಲ್ದ ಸರ್?”

“ಹೋಪ” ಎಂದು ಅವರು ಎದ್ದರು.

ಕಿಟ್ಟಣ್ಣನ ವ್ಯಾನಿನಲ್ಲಿ ಬೀಜಾಡಿಗೆ ಹೋಗುವಾಗ ಪ್ರೇಮಾನಂದರು ಒಂದೇ ಮಾತು ಹೇಳಿದರು: ಆ ಹೆಂಗಸು ಎಲ್ಲವನ್ನೂ ಹಿಂದಕ್ಕೆ ಕೇಳಬಹುದು, ಕೇಳಿದರೆ ಕೊಡಬೇಕು. ವರದಿಯನ್ನು ಮರುದಿನ ಮಧ್ಯಾಹ್ನದೊಳಗೆ ಪರೀಕ್ಷಕರಿಗೆ ಕಳುಹಿಸಬೇಕಿತ್ತು. ಆ ಹೆಂಗಸಿನ ಮಾತುಗಳಿಲ್ಲದಿದ್ದರೆ ಕಳುಹಿಸಲು ವರದಿಯೇ ಉಳಿಯುತ್ತಿರಲಿಲ್ಲ. ಒಂದು ವರ್ಷ ಹೋಗುತ್ತದೆ, ಮಣಿಪಾಲದ ಕಾಲೇಜಿನಲ್ಲಿ ಸಿಕ್ಕಿದ ಸೀಟು ಹೋಗುತ್ತದೆ, ಮನೆಯವರು ಇನ್ನೊಮ್ಮೆ ಮಾತು ಬದಲಾಯಿಸುತ್ತಾರೆ. ಅನಿಷಾಳ ಹೆದರಿಕೆಯೆಲ್ಲ ಇದೇ ಆಗಿತ್ತು. ಕೋಟೇಶ್ವರ ಹತ್ತಿರವಾಗುವಾಗ ಕಾರ್ಖಾನೆಯ ಗೇಟು ಕಂಡಿತು. ಇಷ್ಟು ಹೊತ್ತು ತಾನು ಆ ಹೆಂಗಸಿನ ಕೆಲಸದ ಬಗ್ಗೆ ಒಂದು ಸಲವೂ ಯೋಚಿಸಲಿಲ್ಲ ಎನ್ನುವುದು ಅವಳಿಗೆ ಆಗ ಹೊಳೆಯಿತು.

ಆ ಹೆಂಗಸು ಆಗತಾನೆ ಕೆಲಸದಿಂದ ಬಂದು ಕೈ ತೊಳೆದು, ಜಗುಲಿಯಲ್ಲಿ ಕುಳಿತು ಬೆರಳುಗಳಿಗೆ ತೆಂಗಿನೆಣ್ಣೆ ತಿಕ್ಕುತ್ತಿದ್ದರು. ಅನಿಷಾ ಹಾಳೆಯನ್ನು ಬಿಚ್ಚಿ ತೋರಿಸಿದಳು. ತಪ್ಪು ತನ್ನದು ಎಂದಳು. ನಾಳೆ ಮಾವ ಬರುತ್ತಾರೆ ಎಂದಳು. ಅವರು ಚಿತ್ರವನ್ನು ನೋಡಿ, ತಮ್ಮ ಕೈಯನ್ನು ನೋಡಿ, ಮತ್ತೆ ಚಿತ್ರವನ್ನು ನೋಡಿದರು.

“ಎಲ್ಲಾ ಬೇಡ ಅಂದ್ರೂ ಅಡ್ಡಿಲ್ಲ. ಹೆಣ್ಣಿಗೆ ಒಂದ್ ವರ್ಷ ಹೋತ್ತ್, ಅಷ್ಟೇ. ಅದ್ ನಾವ್ ಕಾಂತೊ” ಎಂದು ಹೇಳಿ ಪ್ರೇಮಾನಂದರು ಗಡಿಯಾರ ಬಿಚ್ಚಿ ಜಗುಲಿಯ ಮೇಲೆ ಕವುಚಿ ಇಟ್ಟರು.

“ಎಂತಕ್ಕೆ ಮಾಷ್ಟ್ರೆ ಅದನ್ನ್ ಕವುಚಿ ಹಾಕ್ರಿ?”

“ನಿಮ್ಗೆ ಅವಸರ ಇಲ್ಲ ಅಂದ್ ಹೇಳುಕ್.”

“ನಂಗ್ ಅವಸರ ಇತ್ತ್. ಅನ್ನಕ್ಕಿಡ್ಕ್.”

ಪ್ರೇಮಾನಂದರು ನಕ್ಕರು. ಆ ಹೆಂಗಸು ನಗಲಿಲ್ಲ. ಎಣ್ಣೆಯ ಬೆರಳುಗಳು ಒಂದರೊಳಗೊಂದು ಸುತ್ತುತ್ತಲೇ ಇದ್ದವು. ಅನಿಷಾ ಆ ಸೊಟ್ಟ ಕಿರುಬೆರಳನ್ನು ಮೊದಲ ಸಲ ಸರಿಯಾಗಿ ನೋಡಿದಳು. ಎಷ್ಟು ಹೊತ್ತು ಹಾಗೆ ಹೋಯಿತೋ ಹೇಳಲು ಗಡಿಯಾರ ಯಾರಿಗೂ ಕಾಣುತ್ತಿರಲಿಲ್ಲ.

“ಕೈ ಚಿತ್ರ ತೆಗಿ ಮಗಾ” ಎಂದರು ಆ ಹೆಂಗಸು ಕೊನೆಗೆ. “ಮಾತ್ ಇರ್ಲಿ. ಆ ಮಾತ್ ಅಲ್ಲಿಪ್ಪು ಯಾರ್ ಬೇಕಾರೂ ಹೇಳುದೇ.” ಎದ್ದು ಒಳಗೆ ಹೋಗುವಾಗ ಬಾಗಿಲಲ್ಲಿ ತಿರುಗಿ, “ಮತ್ತೊಂದ್ ಸಲ ಬಪ್ಪತಿಗೆ ಮೊದ್ಲೇ ತಂದ್ ತೋರ್ಸ್” ಎಂದರು.

ವರದಿಯಿಂದ ಚಿತ್ರ ಸುಲಭವಾಗಿ ಹೋಯಿತು. ದೊಡ್ಡ ಹಾಳೆಯನ್ನು ಮತ್ತೆ ಮುದ್ರಿಸಲು ಸಮಯವಿರಲಿಲ್ಲ. ಅನಿಷಾ ಬ್ಲೇಡಿನಿಂದ ಚಿತ್ರವನ್ನು ಕತ್ತರಿಸಿ ತೆಗೆದು ಹಿಂದಿನಿಂದ ಬಿಳಿ ಕಾಗದ ಹಚ್ಚಿದಳು. ಮರುದಿನ ಬಣ್ಣ ಬಣ್ಣದ ಹಾಳೆಗಳ ಸಾಲಿನಲ್ಲಿ ಅವಳದೊಂದರ ನಡುವೆ ಬಿಳಿಯ ಚೌಕ, ಅದರ ಕೆಳಗೆ ಆ ಒಂದು ಮಾತು.

ಜಿತೇಂದ್ರರು ಅದರ ಮುಂದೆ ನಿಂತರು.

“ಇಲ್ಲೊಂದ್ ಚಿತ್ರ ಇಪ್ಪುದ್ ಅಲ್ದ?”

“ಇದ್ದಿತ್ತ್ ಮಾವ. ತೆಗ್ದೆ.”

“ಎಂತಕ್ಕೆ?”

“ಯಾರ್ ಅಂದ್ ಗೊತ್ತಾತಿತ್ತ್.”

ಅವರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡು ಕೆಳಗಿನ ಮಾತನ್ನು ಇನ್ನೊಮ್ಮೆ ಓದಿದರು. ಪ್ರೇಮಾನಂದರು ಎರಡು ಹೆಜ್ಜೆ ಹಿಂದೆ ನಿಂತಿದ್ದರು. ಅವರು ಬಾಯಿ ತೆರೆಯಲಿ, ಏನಾದರೂ ಹೇಳಿ ತನ್ನನ್ನು ಬಿಡಿಸಲಿ ಎಂದು ಅನಿಷಾ ಕಾದಳು. ಅವರು ಹೇಳಲಿಲ್ಲ.

“ನಿನ್ನ್ ಮಾಷ್ಟ್ರ್ ಲಾಯ್ಕ್ ಕಲ್ಸಿರ್” ಎಂದು ಹೇಳಿ ಜಿತೇಂದ್ರರು ಮುಂದಿನ ಹಾಳೆಗೆ ಹೋದರು. ಅದು ಹೊಗಳಿಕೆಯೋ ಅಲ್ಲವೋ ಅನಿಷಾಳಿಗೆ ತಿಳಿಯಲಿಲ್ಲ. ಅವರು ಚಹಾಕ್ಕೆ ನಿಲ್ಲಲಿಲ್ಲ.

ಅಂದಿನಿಂದ ಶುರುವಾದದ್ದು ನಿಜವಾದ ಕಾಯುವಿಕೆ: ಆ ಹೆಂಗಸಿನ ಕೆಲಸ ಉಳಿಯುವುದೇ? ಬೆಳಿಗ್ಗೆ ಎಂಟಕ್ಕೆ ಐದು ನಿಮಿಷವಿರುವಾಗ ಬೀಜಾಡಿಯ ಹೆಂಗಸರು ಕಾರ್ಖಾನೆಯ ಗೇಟಿನ ಮುಂದೆ ಬಸ್ಸಿಳಿಯುತ್ತಾರೆ. ಅನಿಷಾಳ ಶಾಲಾ ವ್ಯಾನು ಅದೇ ಹೊತ್ತಿಗೆ ಅಲ್ಲಿ ಹಾದುಹೋಗುತ್ತದೆ. ಸೋಮವಾರ ಅವಳು ಕಿಟಕಿಗೆ ಮುಖ ಒತ್ತಿ ಕುಳಿತಳು. ಆ ಹೆಂಗಸಿನ ನೀಲಿ ಕೊಡೆ ಕಂಡಿತು. ಮಂಗಳವಾರ ಕಂಡಿತು. ಬುಧವಾರ ಕಾಣಲಿಲ್ಲ. ಆ ದಿನ ಅವಳು ಊಟ ಮಾಡಲಿಲ್ಲ, ಯಾರಿಗೂ ಹೇಳಲೂ ಇಲ್ಲ.

ಗುರುವಾರ ಕಿಟ್ಟಣ್ಣ ಗೇಟಿನ ಬಳಿ ವ್ಯಾನು ನಿಧಾನ ಮಾಡಿದರು. ಎದುರಿನ ಅಂಗಡಿಯ ಮುಂದೆ ಪತ್ರಿಕೆ ಬಿಡಿಸಿಕೊಂಡು ಪ್ರೇಮಾನಂದರು ನಿಂತಿದ್ದರು. ಅವರ ಮನೆ ಇರುವುದು ಬ್ರಹ್ಮಾವರದಲ್ಲಿ. ಇಷ್ಟು ದೂರ ಬಂದು ಪತ್ರಿಕೆ ಕೊಳ್ಳುವ ಅಗತ್ಯ ಅವರಿಗಿರಲಿಲ್ಲ. ಅವರು ಗೇಟನ್ನು ನೋಡಿದರು, ಗಡಿಯಾರ ನೋಡಿದರು, ರಸ್ತೆಯನ್ನು ನೋಡಿದರು, ಮತ್ತೆ ಗಡಿಯಾರ ನೋಡಿದರು. ಬಸ್ಸು ಬಂತು. ನೀಲಿ ಕೊಡೆ ಇಳಿಯಿತು. ಪ್ರೇಮಾನಂದರು ಪತ್ರಿಕೆ ಮಡಚಿದರು.

“ಸೋಮವಾರದಿಂದ ದಿನಾ ಬತ್ರ್” ಎಂದರು ಕಿಟ್ಟಣ್ಣ, ಹಿಂದೆ ತಿರುಗದೆ. “ನಿನ್ನೆ ಅವ್ರ್ ಆಸ್ಪತ್ರೆಗ್ ಹೋಯಿದಿರಂಬ್ರ್, ಮೊಣಗಂಟ್ ನೋವಿಗೆ. ಅದನ್ನೂ ಮಾಷ್ಟ್ರೇ ಕೇಂಡ್ ತಿಳ್ಕಂಡದ್.”

ಶಾಲೆಯಲ್ಲಿ ಪ್ರೇಮಾನಂದರು ಈ ಬಗ್ಗೆ ಏನೂ ಹೇಳಲಿಲ್ಲ. ಆದರೆ ಕವುಚಿಟ್ಟ ಗಡಿಯಾರದ ಮುಂದೆ ಅಷ್ಟು ನೆಮ್ಮದಿಯಾಗಿ ಕೂರುತ್ತಿದ್ದ ಮನುಷ್ಯನ ಒಳಗೆ ಎಷ್ಟು ಆತಂಕ ಇತ್ತೆಂದು ಅವಳಿಗೆ ಆ ಬೆಳಿಗ್ಗೆ ತಿಳಿಯಿತು. ಅವರು ಕಾಯಲು ಕಲಿಸಿದ್ದು ತಾವು ಧೈರ್ಯವಂತರಾದ್ದರಿಂದ ಅಲ್ಲ. ಮಾತಿನಿಂದ ಯಾರಿಗೆ ಏನಾದೀತು ಎಂಬ ಹೆದರಿಕೆ ಅವರಿಗೆ ನಮ್ಮೆಲ್ಲರಿಗಿಂತ ಹೆಚ್ಚಿತ್ತು.

ವರದಿಗೆ ಸಾಧಾರಣ ಅಂಕ ಬಂತು. ಪುರಾವೆಗಳನ್ನು ಇನ್ನಷ್ಟು ಒದಗಿಸಬಹುದಿತ್ತು ಎಂದು ಪರೀಕ್ಷಕರು ಬರೆದಿದ್ದರು. ಅನಿಷಾ ಆ ಷರಾವನ್ನು ಇಂದಿಗೂ ಇಟ್ಟುಕೊಂಡಿದ್ದಾಳೆ. ಮಣಿಪಾಲದ ಸೀಟು ಉಳಿಯಿತು, ಓದು ಮುಗಿಯಿತು. ಕಾರ್ಖಾನೆಯಲ್ಲಿ ಏನಾದರೂ ಬದಲಾಯಿತೇ ಎಂಬುದನ್ನು ಈ ಲೇಖನ ಹೇಳಲಾರದು.

ಈ ಸಂಪುಟದ ಸುದ್ದಿ ತಿಳಿದಾಗ ಪ್ರೇಮಾನಂದರು ಬೇಡವೆನ್ನಲಿಲ್ಲ. ಬರೆಯುವವರು ಬರೆಯಿಸಿಕೊಳ್ಳುವವರನ್ನು ಕೇಳಿದ್ದಾರೆಯೇ ಎಂದು ಮಾತ್ರ ವಿಚಾರಿಸಿದರು. ಆದ್ದರಿಂದ ಇಲ್ಲಿ ಬರುವ ಎಲ್ಲರಿಗೂ ಈ ಬರಹವನ್ನು ತೋರಿಸಲಾಗಿದೆ. ಕಿಟ್ಟಣ್ಣ ಅದೇ ದಿನ ಒಪ್ಪಿದರು. ಜಿತೇಂದ್ರರ ಉತ್ತರ ಬರಲು ಒಂಬತ್ತು ದಿನ ಹಿಡಿಯಿತು. ಬಂದದ್ದು “ಇರ್ಲಿ” ಎಂಬ ಒಂದೇ ಮಾತು. ಬೀಜಾಡಿಯ ಆ ಹೆಂಗಸು ಮೊಣಗಂಟಿನ ನೋವಿನಿಂದ ಕಳೆದ ವರ್ಷ ಕೆಲಸ ಬಿಟ್ಟು ಬೈಂದೂರಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಅನಿಷಾ ಅಲ್ಲಿಗೆ ಹೋಗಿ ಮೊದಲ ಸಾಲಿನಿಂದ ಓದಿ ಹೇಳಿದಳು. ಓದುವ ಮುನ್ನ ತನ್ನ ಗಡಿಯಾರ ಬಿಚ್ಚಿ ನೆಲದ ಮೇಲೆ ಕವುಚಿ ಇಟ್ಟಳು. ಮುಗಿದ ಮೇಲೆ ಅವರು ಬಹಳ ಹೊತ್ತು ಮೊಮ್ಮಗುವಿನ ಬೆನ್ನು ತಟ್ಟುತ್ತ ಕುಳಿತಿದ್ದರು.

“ಎಲ್ಲರ ಹೆಸ್ರೂ ಇತ್ತ್” ಎಂದರು. “ನಂದ್ ಎಂತಕ್ಕಿಲ್ಲ? ಈಗ ಹಾಕ್ಲಕ್ಕ್.”

ಪ್ರೇಮಾನಂದರಿಗೆ ದೀರ್ಘಾಯುಷ್ಯ ದೊರೆಯಲಿ. ಇನ್ನು ಮುಂದೆಯೂ ಅವರ ಜಗುಲಿಗೆ ಮಕ್ಕಳು ಬಗೆಹರಿಯದ ಪ್ರಶ್ನೆಗಳನ್ನು ಹಿಡಿದು ಬರಲಿ. ಅವರ ಗಡಿಯಾರ ಇನ್ನೂ ಅನೇಕ ವರ್ಷ ಕವುಚಿಯೇ ಇರಲಿ. ಹೀಗೆ ಹಾರೈಸುವವರು ಅನಿಷಾ, ಪ್ರಖ್ಯಾತ್, ಕಿಟ್ಟಣ್ಣ, ಮತ್ತು ಬೀಜಾಡಿಯ ಸರೋಜ.